ಆಲ್ಟರ್ನೇಟರ್, ಟರ್ಬೊ, ಬ್ರೇಕ್: ಕಂಪನಿಯ ಹೊಸದನ್ನೇ ಹಾಕಿಸಬೇಕೇ, ರೀಕಂಡೀಷನ್ ಮಾಡಿದ್ದು ಸಾಕೇ?

ಪ್ರಶ್ನೆ (ಸಾಗರದಿಂದ)

ಎಲ್ಲರಿಗೂ ನಮಸ್ಕಾರ. ನಮ್ಮದು 2013ರ ಡೀಸೆಲ್ ಸೆಡಾನ್. ಫಿಯಟ್ ಮೂಲದ 1.3 ಲೀಟರ್ ಎಂಜಿನ್ ಇರುವ ಈ ಗಾಡಿ ಒಂದು ಲಕ್ಷದ ಅರವತ್ತು ಸಾವಿರ ಕಿಲೋಮೀಟರ್ ದಾಟಿದೆ. ತಂದೆಯವರನ್ನು ತಪಾಸಣೆಗಾಗಿ ಆಗಾಗ ಮಣಿಪಾಲಕ್ಕೆ ಕರೆದೊಯ್ಯಬೇಕಾಗಿದೆ. ಇನ್ನೂ ನಾಲ್ಕೈದು ವರ್ಷ ಇದೇ ಗಾಡಿಯನ್ನು ಇಟ್ಟುಕೊಳ್ಳುವ ಯೋಚನೆ ನಮ್ಮದು. ಮಳೆಗಾಲದ ರಾತ್ರಿ ಹುಲಿಕಲ್ ಘಾಟಿಯಲ್ಲಿ ಅದು ಕೈಕೊಡಬಾರದು ಎಂಬುದೇ ನನ್ನ ಮುಖ್ಯ ಕಾಳಜಿ.

ಈಗ ಮೂರು ತೊಂದರೆಗಳು ಒಟ್ಟಿಗೆ ಬಂದಿವೆ. ಹೆಡ್‌ಲೈಟ್ ಮತ್ತು ವೈಪರ್ ನಡೆಯುತ್ತಿರುವಾಗ ಗಾಡಿ ನಿಂತರೆ ಬ್ಯಾಟರಿಯ ಕೆಂಪು ದೀಪ ಮಂಕಾಗಿ ಹೊತ್ತಿಕೊಳ್ಳುತ್ತದೆ. ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಹೋಗಿದೆ ಎಂದು ಗ್ಯಾರೇಜಿನವರು ಹೇಳುತ್ತಾರೆ. ಘಾಟಿ ಹತ್ತುವಾಗ ಎಂಜಿನ್ನಿನ ಕಡೆಯಿಂದ ಸಿಳ್ಳೆಯಂತಹ ಸದ್ದು ಬರುತ್ತದೆ, ಎಳೆತ ಕುಗ್ಗಿದೆ, ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊದ ಹೋಸಿನ ಒಳಗೆ ಎಣ್ಣೆಯ ಪಸೆ ಕಾಣುತ್ತಿದೆ. ಆದ್ದರಿಂದ ಟರ್ಬೊ ಕೂಡ ಬದಲಿಸಬೇಕೆನ್ನುತ್ತಾರೆ. ಬ್ರೇಕ್ ಪೆಡಲನ್ನು ಒತ್ತಿ ಹಿಡಿದರೆ ಅದು ನಿಧಾನವಾಗಿ ಕೆಳಗಿಳಿಯುತ್ತದೆ. ಅದಕ್ಕೆ ಮಾಸ್ಟರ್ ಸಿಲಿಂಡರಿನ (ಪೆಡಲಿನ ಒತ್ತಡವನ್ನು ಬ್ರೇಕಿಗೆ ದಾಟಿಸುವ ಭಾಗ) ಕಿಟ್, ಅಂದರೆ ಒಳಗಿನ ರಬ್ಬರುಗಳನ್ನು, ಹಾಕಿದರೆ ಸಾಕು ಎಂದಿದ್ದಾರೆ.

ಷೋರೂಮಿನಲ್ಲಿ ಎಲ್ಲವನ್ನೂ ಹೊಸದಾಗಿ ಹಾಕಲು ಹೇಳಿದ ಮೊತ್ತ ಗಾಡಿಯ ಈಗಿನ ಬೆಲೆಯ ದೊಡ್ಡ ಪಾಲಾಗುತ್ತದೆ. ಹಳೆಯದನ್ನು ಕೊಟ್ಟು ಬೆಂಗಳೂರಿನಿಂದ ರೀಕಂಡೀಷನ್ ಆದ, ಅಂದರೆ ಹಳೆಯದನ್ನೇ ಬಿಚ್ಚಿ ಸರಿಪಡಿಸಿದ, ಆಲ್ಟರ್ನೇಟರ್ ಮತ್ತು ಟರ್ಬೊ ತರಿಸಿದರೆ ಅದರ ಅರ್ಧಕ್ಕಿಂತ ಕಡಿಮೆಯಲ್ಲಿ ಮುಗಿಯುತ್ತದಂತೆ. ಹಣ ಉಳಿಸುವ ಆಸೆಯಿಂದ ಸುರಕ್ಷತೆಗೆ ಕುಂದು ತಂದುಕೊಳ್ಳಲು ಇಷ್ಟವಿಲ್ಲ, ಅಗತ್ಯವಿಲ್ಲದ ಖರ್ಚು ಮಾಡುವ ಶಕ್ತಿಯೂ ಇಲ್ಲ. ಯಾವುದಕ್ಕೆ ಹೊಸದು ಬೇಕೇಬೇಕು, ಯಾವುದಕ್ಕೆ ರೀಕಂಡೀಷನ್ ಸಾಕು ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ಹುಬ್ಬಳ್ಳಿಯ ಆಟೋ ಎಲೆಕ್ಟ್ರಿಷಿಯನ್)

ನಮಸ್ಕಾರ ಸರ್. ನಾನು ಆಲ್ಟರ್ನೇಟರ್ ಬಗ್ಗೆ ಮಾತ್ರ ಹೇಳುತ್ತೇನೆ, ಏಕೆಂದರೆ ನನ್ನ ಅಂಗಡಿಯಲ್ಲಿ ದಿನವೂ ಬಿಚ್ಚುವುದು ಸ್ಟಾರ್ಟರ್ ಮತ್ತು ಆಲ್ಟರ್ನೇಟರುಗಳನ್ನೇ. ಹೊಸದೋ ರೀಕಂಡೀಷನ್ನೋ ಎಂದು ತೀರ್ಮಾನಿಸುವ ಮೊದಲು, ಕೆಟ್ಟಿರುವುದು ಅದೇ ಹೌದೇ ಎಂಬುದನ್ನು ಒಂದು ಸಾಧಾರಣ ಮಲ್ಟಿಮೀಟರಿನಿಂದ ಖಚಿತ ಮಾಡಿಕೊಳ್ಳಿ. ಎಂಜಿನ್ ಬಂದ್ ಇದ್ದಾಗ ಚಾರ್ಜ್ ಇರುವ ಬ್ಯಾಟರಿಯಲ್ಲಿ ಸುಮಾರು 12.4ರಿಂದ 12.7 ವೋಲ್ಟ್ ಇರುತ್ತದೆ. ಎಂಜಿನ್ ಚಾಲೂ ಮಾಡಿ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿ, ಸ್ವಲ್ಪ ರೇಸ್ ಕೊಟ್ಟು ನೋಡಿದಾಗ ಅದು 13.5ಕ್ಕಿಂತ ಮೇಲೆ, 14.7ಕ್ಕಿಂತ ಕೆಳಗೆ ನಿಲ್ಲಬೇಕು. ಆ ಸ್ಥಿತಿಯಲ್ಲೇ ಮೀಟರಿನ ಒಂದು ತುದಿಯನ್ನು ಆಲ್ಟರ್ನೇಟರಿನ ಬಾಡಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್ ಟರ್ಮಿನಲಿಗೂ ಹಿಡಿಯಿರಿ. ಅಲ್ಲಿ 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಎಂಜಿನ್ನನ್ನು ಗಾಡಿಯ ಲೋಹದ ಮೈಗೆ ಜೋಡಿಸುವ ಅರ್ತಿಂಗ್ ಪಟ್ಟಿ ತುಕ್ಕು ಹಿಡಿದಿರಬಹುದು. ಮಲೆನಾಡಿನಿಂದಲೂ ಕರಾವಳಿಯಿಂದಲೂ ಬರುವ ಗಾಡಿಗಳಲ್ಲಿ ಇದನ್ನು ಪದೇ ಪದೇ ಕಾಣುತ್ತೇನೆ. ಕೆಲವು ನೂರು ರೂಪಾಯಿಯ ಪಟ್ಟಿ ಬದಲಿಸಿದರೆ ಸರಿಹೋಗುವ ಗಾಡಿಗೆ ಹೊಸ ಆಲ್ಟರ್ನೇಟರ್ ಹಾಕಿ, ಆಮೇಲೂ ದೀಪ ಹೊತ್ತಿಕೊಳ್ಳುತ್ತಿದೆ ಎಂದು ಬಂದವರಿದ್ದಾರೆ. ಕೊನೆಯದಾಗಿ ಮೀಟರನ್ನು ಎ.ಸಿ. (ಪರ್ಯಾಯ ವಿದ್ಯುತ್) ವೋಲ್ಟಿಗೆ ತಿರುಗಿಸಿ ಬ್ಯಾಟರಿಗೆ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಬಂದರೆ ಎ.ಸಿ.ಯನ್ನು ಡಿ.ಸಿ.ಗೆ ಬದಲಿಸುವ ಡಯೋಡ್ ಹೋಗಿರುವ ಸಂಭವ ಹೆಚ್ಚು.

ಆಲ್ಟರ್ನೇಟರಿನಲ್ಲಿ ಸವೆಯುವ ಅಥವಾ ಸುಡುವ ವಸ್ತುಗಳು ಬೆರಳೆಣಿಕೆಯಷ್ಟು: ಮುಂದಿನ ಮತ್ತು ಹಿಂದಿನ ಬೇರಿಂಗ್, ಕಾರ್ಬನ್ ಬ್ರಷ್, ಅವು ಉಜ್ಜುವ ಸ್ಲಿಪ್ ರಿಂಗ್, ಡಯೋಡ್ ಪ್ಲೇಟ್ ಮತ್ತು ವೋಲ್ಟನ್ನು ಮಿತಿಯಲ್ಲಿಡುವ ರೆಗ್ಯುಲೇಟರ್. ಇವೆಲ್ಲವೂ ಬಿಡಿಯಾಗಿ ಸಿಗುತ್ತವೆ. ಹೊರಗಿನ ಕವಚ ಒಡೆಯದೆ, ಒಳಗಿನ ತಾಮ್ರದ ವೈಂಡಿಂಗ್ ಕಪ್ಪಾಗದೆ ಉಳಿದಿದ್ದರೆ, ಈ ಐದನ್ನೂ ಒಳ್ಳೆಯ ಮಾಲಿನಿಂದ ಬದಲಿಸಿದ ಆಲ್ಟರ್ನೇಟರ್ ಹೊಸದರ ಸಮಕ್ಕೆ ನಿಲ್ಲುತ್ತದೆ ಎಂದು ನಾನು ಧೈರ್ಯದಿಂದ ಹೇಳುತ್ತೇನೆ.

ಆದರೆ ಮಾರುಕಟ್ಟೆಯಲ್ಲಿ ರೀಕಂಡೀಷನ್ ಎಂದು ಬರುವ ಮಾಲಿನಲ್ಲಿ ಬಹಳಷ್ಟು ಹಾಗಿರುವುದಿಲ್ಲ. ಬೆಳ್ಳಿ ಬಣ್ಣ ಹೊಡೆದು, ಹೊಳೆಯುವ ಪುಲ್ಲಿ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಬಂದ ಆಲ್ಟರ್ನೇಟರನ್ನು ಬಿಚ್ಚಿದಾಗ ಹೆಚ್ಚಾಗಿ ಕಾಣುವುದು ಇದು: ಮುಂದಿನ ದೊಡ್ಡ ಬೇರಿಂಗ್ ಹೊಸದಾಗಿರುತ್ತದೆ, ಏಕೆಂದರೆ ಅದನ್ನು ತೆಗೆಯುವುದು ಸುಲಭ. ಸ್ಲಿಪ್ ರಿಂಗಿನ ಬಳಿ ಕೂತಿರುವ ಹಿಂದಿನ ಚಿಕ್ಕ ಬೇರಿಂಗ್ ಹಳೆಯದೇ ಇದ್ದು, ಅದರ ಗ್ರೀಸ್ ಒಣಗಿ ಕಂದು ಪುಡಿಯಾಗಿರುತ್ತದೆ. ಹಳೆಯ ಬ್ರಷ್ ಸವೆಸಿದ ಹಳ್ಳವನ್ನು ಸ್ಲಿಪ್ ರಿಂಗಿನ ಮೇಲೆ ಉಗುರಿನಿಂದ ಮುಟ್ಟಿ ಗುರುತಿಸಬಹುದು, ಮತ್ತು ಹೊಸ ಬ್ರಷ್ ಆ ಹಳ್ಳದ ಅಂಚಿನಲ್ಲಿ ಅರ್ಧಂಬರ್ಧ ಕೂತಿರುತ್ತದೆ. ಅಂಥದ್ದು ಅಂಗಡಿಯ ಮೇಜಿನ ಮೇಲೆ 14 ವೋಲ್ಟ್ ತೋರಿಸುತ್ತದೆ, ನಿಜ. ಆದರೆ ಎಲ್ಲ ದೀಪಗಳ ಭಾರ ಬಿದ್ದು, ಎಂಜಿನ್ನಿನ ಬಿಸಿಯಲ್ಲಿ ಒಂದು ಗಂಟೆ ಓಡಿದಾಗ ಅದರ ಯೋಗ್ಯತೆ ತಿಳಿಯುತ್ತದೆ.

ಆದ್ದರಿಂದ ಎಕ್ಸ್‌ಚೇಂಜಿಗೆ ಹೋಗುವುದಕ್ಕಿಂತ ನಿಮ್ಮದೇ ಆಲ್ಟರ್ನೇಟರನ್ನು ನಿಮ್ಮ ಕಣ್ಣೆದುರಿನಲ್ಲೇ ಬಿಚ್ಚಿಸಿ ಕೆಲಸ ಮಾಡಿಸುವುದು ಒಳ್ಳೆಯದು. ಅದರ ಹುಟ್ಟು, ಅದು ಓಡಿದ ದೂರ ನಿಮಗೆ ಗೊತ್ತಿದೆ. ಎಕ್ಸ್‌ಚೇಂಜಿನಲ್ಲಿ ಬರುವುದು ನೆರೆಯಲ್ಲಿ ಮುಳುಗಿದ ಗಾಡಿಯದ್ದೋ, ಟ್ಯಾಕ್ಸಿಯಾಗಿ ದುಡಿದ ಗಾಡಿಯದ್ದೋ ಯಾರಿಗೂ ತಿಳಿಯದು. ವೈಂಡಿಂಗ್ ಸುಟ್ಟಿದ್ದರೆ ಮಾತ್ರ ರೀವೈಂಡಿಂಗಿನ ಗೋಜಿಗೆ ಹೋಗಬೇಡಿ. ತೆಳು ತಂತಿ ಅಥವಾ ಅಲ್ಯೂಮಿನಿಯಂ ತಂತಿ ಸುತ್ತಿ ಕೊಡುವವರಿದ್ದಾರೆ, ಹೊರಗಿನಿಂದ ನೋಡಿ ಅದನ್ನು ಪತ್ತೆ ಮಾಡುವುದು ಕಷ್ಟ. ಆಗ ಹೊಸದನ್ನೇ ಕೊಳ್ಳಿ. ಕೆಲವು ಹಳೆಯ ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಬೆನ್ನಿಗೇ ಕೂತಿರುತ್ತದೆ. ನಿಮ್ಮ ಎಂಜಿನ್ನಿನಲ್ಲಿ ಹಾಗಿಲ್ಲ, ಆದರೆ ಅಂಥ ಗಾಡಿ ಇರುವವರು ಓದುತ್ತಿದ್ದರೆ ಅವರು ಇನ್ನೂ ಹೆಚ್ಚು ಎಚ್ಚರ ವಹಿಸಬೇಕು.

ಉತ್ತರ 2 (ಬೆಂಗಳೂರಿನ ಡೀಸೆಲ್ ವರ್ಕ್‌ಶಾಪ್‌ನಿಂದ)

ಟರ್ಬೊ ವಿಷಯದಲ್ಲಿ ದಯವಿಟ್ಟು ಆತುರಪಡಬೇಡಿ. ನೀವು ಬರೆದ ಲಕ್ಷಣಗಳು, ಅಂದರೆ ಸಿಳ್ಳೆ, ಎಳೆತ ಕುಗ್ಗಿರುವುದು ಮತ್ತು ಹೋಸಿನಲ್ಲಿ ಎಣ್ಣೆಯ ಪಸೆ, ಟರ್ಬೊ ಗಟ್ಟಿಯಾಗಿಯೇ ಇದ್ದು ಅದರ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರಿನ ಹೋಸ್ ಬಿರುಕು ಬಿಟ್ಟಾಗಲೂ ಹೀಗೆಯೇ ಇರುತ್ತವೆ. ಎಂಜಿನ್ನಿನ ಕ್ರ್ಯಾಂಕ್‌ಕೇಸಿನಿಂದ ಹೊರಬರುವ ಆವಿ ಮತ್ತೆ ಗಾಳಿಯ ಕೊಳವೆಗೇ ಸೇರುವುದರಿಂದ ಹೋಸಿನ ಒಳಗೆ ತೆಳುವಾದ ಎಣ್ಣೆಯ ಪೊರೆ ಇರುವುದು ಸಹಜ. ಹೋಸನ್ನು ಓರೆ ಮಾಡಿದಾಗ ಎಣ್ಣೆ ಸುರಿಯುವಷ್ಟಿದ್ದರೆ ಮಾತ್ರ ಆತಂಕ ಪಡಬೇಕು. ಮೊದಲು ಎಲ್ಲ ಹೋಸುಗಳನ್ನು ಬಿಚ್ಚಿ, ಕ್ಲಾಂಪ್ ಕೂರುವ ಜಾಗವನ್ನೂ ಬಳುಕುವ ಮಡಿಕೆಗಳನ್ನೂ ಬಗ್ಗಿಸಿ ನೋಡಿಸಿ. ನಿಂತ ಗಾಡಿಯಲ್ಲಿ ಕಾಣದ ಬಿರುಕು ಒತ್ತಡ ಬಂದಾಗ ಬಾಯಿ ಬಿಡುತ್ತದೆ.

ಆ ಬಳಿಕ ಎಂಜಿನ್ ತಣ್ಣಗಿರುವಾಗ ಟರ್ಬೊದ ಗಾಳಿ ಒಳಹೋಗುವ ಬಾಯಿಯ ಕಡೆಯಿಂದ ಶಾಫ್ಟಿನ ತುದಿಯನ್ನು ಎರಡು ಬೆರಳಿನಲ್ಲಿ ಹಿಡಿಯಿರಿ. ಪಕ್ಕಕ್ಕೆ ಕೂದಲೆಳೆಯಷ್ಟು ಅಲುಗಾಡಿದರೆ ತಪ್ಪಿಲ್ಲ, ಎಣ್ಣೆಯ ಪದರಕ್ಕಾಗಿ ಅಷ್ಟು ಜಾಗ ಬಿಟ್ಟಿರುತ್ತಾರೆ. ಒಳಗೂ ಹೊರಗೂ ಎಳೆದಾಗ ಚಲನೆ ಕೈಗೆ ತಿಳಿದರೆ, ಅಥವಾ ಚಕ್ರದ ರೆಕ್ಕೆಗಳು ಕವಚಕ್ಕೆ ತಾಗಿದ ಗೀರು ಕಂಡರೆ ಟರ್ಬೊ ಮುಗಿದಿದೆ ಎಂದು ತಿಳಿಯಿರಿ.

ಹಾಗಾಗಿದ್ದ ಪಕ್ಷದಲ್ಲಿ ನಿಮ್ಮ ಮುಂದೆ ಮೂರು ದಾರಿಗಳಿವೆ. ಪೂರ್ತಿ ಹೊಸ ಟರ್ಬೊ ಒಂದು. ಹಳೆಯ ಕವಚಗಳನ್ನು ಉಳಿಸಿಕೊಂಡು, ನಡುವಿನ ಶಾಫ್ಟ್, ಬೇರಿಂಗ್ ಮತ್ತು ಚಕ್ರಗಳಿರುವ ಭಾಗವನ್ನು ಮಾತ್ರ ಕಾರ್ಖಾನೆಯಲ್ಲೇ ಬ್ಯಾಲೆನ್ಸ್ ಆಗಿ ಬಂದ ಹೊಸದರಿಂದ ಬದಲಿಸುವುದು ಎರಡನೆಯದು. ಇದನ್ನು ನಮ್ಮಲ್ಲಿ ಕೋರ್ ಬದಲಿಸುವುದು ಎನ್ನುತ್ತಾರೆ. ಹಳೆಯ ಶಾಫ್ಟಿಗೇ ಹೊಸ ಬುಷ್ ಮತ್ತು ಸೀಲು ಹಾಕಿ ಕೊಡುವ ಕಿಟ್ ಕೆಲಸ ಮೂರನೆಯದು. ಈ ಮೂರನೆಯದನ್ನು ನಾನು ಯಾರಿಗೂ ಹೇಳುವುದಿಲ್ಲ. ಇಂಥ ಚಿಕ್ಕ ಟರ್ಬೊಗಳ ಶಾಫ್ಟ್ ಪೂರ್ಣ ಒತ್ತಡದಲ್ಲಿ ನಿಮಿಷಕ್ಕೆ ಎರಡು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಆ ವೇಗದಲ್ಲಿ ಬ್ಯಾಲೆನ್ಸಿಂಗ್ ಯಂತ್ರವಿಲ್ಲದೆ ಜೋಡಿಸಿದ ಶಾಫ್ಟ್ ಹೆಚ್ಚು ದಿನ ಬಾಳುವುದಿಲ್ಲ, ಮುರಿದರೆ ಚೂರುಗಳು ಇಂಟರ್‌ಕೂಲರಿನ ಮೂಲಕ ಎಂಜಿನ್ನಿನ ಕಡೆಗೆ ಹೋಗುವ ಅಪಾಯವೂ ಇದೆ. ಕವಚದಲ್ಲಿ ಬಿರುಕಿಲ್ಲದಿದ್ದರೆ, ಬ್ಯಾಲೆನ್ಸ್ ವರದಿಯೊಂದಿಗೆ ಬರುವ ಕೋರ್ ನಿಮಗೆ ಸಾಕು. ಒಂದು ಮಾತು ಗಮನದಲ್ಲಿರಲಿ: ಈ ಎಂಜಿನ್ ಭಾರತದಲ್ಲಿ ಫಿಯಟ್, ಮಾರುತಿ ಮತ್ತು ಟಾಟಾ ಗಾಡಿಗಳಲ್ಲಿ ಬಂದಿದ್ದು, ಸುಮಾರು 75 ಅಶ್ವಶಕ್ತಿಯದಕ್ಕೆ ಸಾಧಾರಣ ಟರ್ಬೊ, 90 ಅಶ್ವಶಕ್ತಿಯದಕ್ಕೆ ರೆಕ್ಕೆಗಳ ಕೋನ ಬದಲಾಗುವ ಬೇರೆಯೇ ಟರ್ಬೊ ಇದೆ. ಎಂಜಿನ್ ಒಂದೇ ಎಂಬ ಮಾತಿಗೆ ಮರುಳಾಗದೆ, ಟರ್ಬೊದ ಮೇಲಿನ ಫಲಕದಲ್ಲಿರುವ ಪಾರ್ಟ್ ನಂಬರನ್ನು ಫೋಟೋ ತೆಗೆದು ಕಳುಹಿಸಿಯೇ ತರಿಸಿಕೊಳ್ಳಿ.

ಯಾವ ದಾರಿ ಹಿಡಿದರೂ ಟರ್ಬೊ ಏಕೆ ಹೋಯಿತು ಎಂಬುದನ್ನು ಹುಡುಕದಿದ್ದರೆ ಹೊಸದೂ ಅದೇ ಗತಿ ಕಾಣುತ್ತದೆ. ಎಣ್ಣೆ ತರುವ ತೆಳುವಾದ ಉಕ್ಕಿನ ಪೈಪಿನೊಳಗೆ ಇಂಗಾಲ ಕಟ್ಟಿ ದಾರಿ ಕಿರಿದಾಗಿರುವುದೇ ಬಹಳಷ್ಟು ಸಲ ಕಾರಣ. ಅದನ್ನು ತೊಳೆದು ಹಾಕುವ ಬದಲು ಹೊಸದನ್ನೇ ಹಾಕಿಸಿ. ಎಂಜಿನ್ ಆಯಿಲ್, ಫಿಲ್ಟರ್ ಎರಡನ್ನೂ ಬದಲಿಸಿ, ಇಂಟರ್‌ಕೂಲರಿನಲ್ಲಿ ನಿಂತ ಎಣ್ಣೆಯನ್ನು ತೊಳೆಸಿ, ಮೊದಲ ಸಲ ಚಾಲೂ ಮಾಡುವ ಮುನ್ನ ಟರ್ಬೊದ ಆಯಿಲ್ ರಂಧ್ರಕ್ಕೆ ಶುದ್ಧ ಎಣ್ಣೆ ಹಾಕಲು ಹೇಳಿ.

ಉತ್ತರ 3 (ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ)

ನಾನು ಮೂಲತಃ ದಾವಣಗೆರೆಯವನು, ಈಗ ಇಲ್ಲಿ ವಾಹನ ಬಿಡಿಭಾಗಗಳ ಕ್ಷೇತ್ರದಲ್ಲಿದ್ದೇನೆ. ಯುರೋಪಿನಲ್ಲಿ ಕಾರ್ಖಾನೆಯಲ್ಲಿ ಮರುನಿರ್ಮಿಸಿದ ಬಿಡಿಭಾಗಗಳನ್ನು ಜನರು ಸಂಕೋಚವಿಲ್ಲದೆ ಕೊಳ್ಳುತ್ತಾರೆ. ಬಾಷ್ ಕಂಪನಿ ಎಕ್ಸ್‌ಚೇಂಜ್ ಎಂಬ ಹೆಸರಿನಲ್ಲೇ ಸ್ಟಾರ್ಟರ್, ಆಲ್ಟರ್ನೇಟರ್, ಡೀಸೆಲ್ ಇಂಜೆಕ್ಟರುಗಳನ್ನು ಮಾರುತ್ತದೆ. ರೆನೋ ಕಂಪನಿ 1949ರಲ್ಲೇ ಪ್ಯಾರಿಸ್ ಬಳಿಯ ಶ್ವಾಝಿ-ಲ-ರುವಾದಲ್ಲಿ ಹಳೆಯ ಎಂಜಿನ್ನುಗಳ ಮರುನಿರ್ಮಾಣ ಆರಂಭಿಸಿತ್ತು. ಕೊಳ್ಳುವಾಗ ಹಳೆಯ ಭಾಗಕ್ಕೆಂದು ಒಂದು ಠೇವಣಿ ಕಟ್ಟಬೇಕು, ಅದನ್ನು ಹಿಂದಿರುಗಿಸಿದಾಗ ಹಣ ಮರಳಿ ಬರುತ್ತದೆ.

ಆದರೆ ಇಲ್ಲಿ ನಡೆಯುವ ಕೆಲಸದ ಬಗೆಯೇ ಬೇರೆ. ಹಳೆಯ ಭಾಗವನ್ನು ಕೊನೆಯ ಸ್ಕ್ರೂವಿನವರೆಗೆ ಬಿಚ್ಚಿ, ತೊಳೆದು, ಅಳೆದು, ಸವೆಯುವ ಭಾಗಗಳು ಚೆನ್ನಾಗಿ ಕಂಡರೂ ಕಾಣದಿದ್ದರೂ ಎಲ್ಲವನ್ನೂ ಹೊಸದಾಗಿ ಹಾಕುತ್ತಾರೆ. ಹೊಸ ಭಾಗಕ್ಕೆ ಮಾಡುವ ಪರೀಕ್ಷೆಯನ್ನೇ ಇದಕ್ಕೂ ಮಾಡುತ್ತಾರೆ. ಮೇಲಿನ ಹುಬ್ಬಳ್ಳಿಯವರು ಹೇಳಿದ ಹಿಂದಿನ ಬೇರಿಂಗಿನ ಕಥೆ ಇಲ್ಲಿ ನಡೆಯದಿರುವುದು ಈ ಕ್ರಮದಿಂದಲೇ. ಊರಿನಲ್ಲಿ ಕೆಟ್ಟ ಭಾಗವನ್ನಷ್ಟೇ ಬದಲಿಸುವುದೂ ರೀಕಂಡೀಷನ್ ಎನಿಸಿಕೊಳ್ಳುತ್ತದೆ. ಹಾಗಾಗಿ ನೀವು ಕೇಳಬೇಕಾದದ್ದು ಒಂದೇ ಪ್ರಶ್ನೆ: ಒಳಗೆ ಏನೇನು ಬದಲಾಯಿತು, ಅದನ್ನು ಬಿಲ್ಲಿನಲ್ಲಿ ಬರೆದುಕೊಡುತ್ತೀರಾ? ಬರೆದುಕೊಡಲು ಒಪ್ಪುವವರಿಂದ ಮಾತ್ರ ಕೊಳ್ಳಿ.

ಮುಂದೆಂದಾದರೂ ಇಂಜೆಕ್ಟರ್ ಬದಲಿಸುವ ಸಂದರ್ಭ ಬಂದರೆ ಒಂದು ಎಚ್ಚರಿಕೆ. ಎಲ್ಲ ಇಂಜೆಕ್ಟರುಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹೋಗುವ ಅನೇಕ ಕಾಮನ್ ರೈಲ್ ಎಂಜಿನ್ನುಗಳಲ್ಲಿ ಪ್ರತಿ ಇಂಜೆಕ್ಟರಿನ ತಲೆಯ ಮೇಲೆ ಅಕ್ಷರ ಮತ್ತು ಅಂಕಿಗಳ ಒಂದು ಕೋಡ್ ಕೊರೆದಿರುತ್ತದೆ. ಅದು ಆ ಇಂಜೆಕ್ಟರ್ ಎಷ್ಟು ಡೀಸೆಲ್ ಚಿಮ್ಮಿಸುತ್ತದೆ ಎಂಬುದರ ಅಳತೆಯಾಗಿದ್ದು, ಎಂಜಿನ್ನಿನ ಕಂಪ್ಯೂಟರಿಗೆ ಅದನ್ನು ತುಂಬಿಸಬೇಕು. ನಾಝಲ್ ಬದಲಿಸಿ ಹಳೆಯ ಕೋಡನ್ನೇ ಉಳಿಸಿದ ಇಂಜೆಕ್ಟರಿನಲ್ಲಿ ಆ ಅಳತೆ ಸುಳ್ಳಾಗಿರುತ್ತದೆ.

ಉತ್ತರ 4 (ಮೈಸೂರಿನಿಂದ, ವಾಹನ ವಿಮೆಯ ಸರ್ವೇಯರ್)

ಬ್ರೇಕಿನ ಬಗ್ಗೆ ಇನ್ನೂ ಯಾರೂ ಬರೆದಿಲ್ಲ. ನನ್ನ ದೃಷ್ಟಿಯಲ್ಲಿ ನಿಮ್ಮ ಮೂರು ತೊಂದರೆಗಳಲ್ಲಿ ಮೊದಲು ಸರಿಪಡಿಸಬೇಕಾದದ್ದು ಅದೇ, ಮತ್ತು ಅದು ಸರಿಯಾಗುವವರೆಗೆ ದಯವಿಟ್ಟು ಘಾಟಿ ಇಳಿಯಬೇಡಿ. ಪೆಡಲ್ ನಿಧಾನವಾಗಿ ಕೆಳಗಿಳಿಯುವುದು, ಹೊರಗೆಲ್ಲೂ ಸೋರಿಕೆ ಇಲ್ಲದಿದ್ದರೆ, ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಕಪ್ಪುಗಳು ಒತ್ತಡವನ್ನು ಹಿಡಿದಿಡುತ್ತಿಲ್ಲ ಎಂಬುದರ ಗುರುತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಿಮ್ಮ ಸೀಮೆಯ ಮಳೆಯಲ್ಲಿ ಅದು ಇನ್ನೂ ಬೇಗ ಆಗುತ್ತದೆ. ಆ ತೇವದಿಂದ ಸಿಲಿಂಡರಿನ ಒಳಮೈಯಲ್ಲಿ ಸಣ್ಣ ಗುಳಿಗಳು ಬಿದ್ದಿದ್ದರೆ, ಅದರ ಮೇಲೆ ಹೊಸ ರಬ್ಬರ್ ಓಡಾಡಿ ಮತ್ತೆ ಹರಿಯುತ್ತದೆ. ಕಿಟ್ ಹಾಕಿದ ದಿನ ಪೆಡಲ್ ಗಟ್ಟಿಯಾಗಿರುವುದು ಯಾವ ಭರವಸೆಯೂ ಅಲ್ಲ. ಹೊಸ ಸಿಲಿಂಡರಿನ ಬೆಲೆ ಟರ್ಬೊದ ಮುಂದೆ ಏನೇನೂ ಅಲ್ಲದಿರುವಾಗ ಇಲ್ಲಿ ಎರಡನೆಯ ಯೋಚನೆ ಬೇಡ. ಎಣ್ಣೆ ತುಂಬಿಸಿ ಮತ್ತೆ ಮಾರುವ ಶಾಕ್ ಅಬ್ಸಾರ್ಬರ್, ಹಳೆಯ ಗಾಡಿಯಿಂದ ಬಿಚ್ಚಿದ ಏರ್‌ಬ್ಯಾಗ್, ಬಳಸಿದ ವೀಲ್ ಬೇರಿಂಗ್, ಇವುಗಳನ್ನೂ ಇದೇ ಸಾಲಿಗೆ ಸೇರಿಸುತ್ತೇನೆ.

ಹೊಸದನ್ನು ಕೊಳ್ಳುವಾಗ ಷೋರೂಮಿನ ಬೆಲೆಯೇ ಅಂತಿಮವೆಂದು ಭಾವಿಸಬೇಡಿ. ಬ್ರೇಕ್, ಆಲ್ಟರ್ನೇಟರ್, ಕ್ಲಚ್ ಇವನ್ನು ಬಹುಪಾಲು ಕಾರು ಕಂಪನಿಗಳು ತಾವೇ ತಯಾರಿಸುವುದಿಲ್ಲ, ಬೇರೆ ತಯಾರಕರಿಂದ ಕೊಳ್ಳುತ್ತವೆ. ಆ ತಯಾರಕರಲ್ಲಿ ಹಲವರು ಅದೇ ಬಗೆಯ ಮಾಲನ್ನು ತಮ್ಮ ಹೆಸರಿನ ಡಬ್ಬಿಯಲ್ಲೂ ಮಾರುತ್ತಾರೆ, ಬೆಲೆ ಸಾಮಾನ್ಯವಾಗಿ ಕಡಿಮೆ ಇರುತ್ತದೆ. ನಿಮ್ಮ ಹಳೆಯ ಆಲ್ಟರ್ನೇಟರಿನ ಮೈಮೇಲೆ ಯಾರ ಹೆಸರಿದೆ ಎಂದು ನೋಡಿ, ಅವರದ್ದೇ ರೆಗ್ಯುಲೇಟರ್ ಮತ್ತು ಡಯೋಡ್ ಪ್ಲೇಟನ್ನು ಕೇಳಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಇಂಥ ಮಾಲು ಸಿಗುವ ಅಂಗಡಿಗಳು ಸಾಲುಸಾಲಾಗಿವೆ. ಅಲ್ಲಿಯೂ ಗರಿಷ್ಠ ಮಾರಾಟ ಬೆಲೆ, ತಯಾರಾದ ತಿಂಗಳು, ಪಾರ್ಟ್ ನಂಬರ್ ಮೂರೂ ಇರುವ ಮುಚ್ಚಿದ ಡಬ್ಬಿಯನ್ನೇ ಪಡೆದು, ಬಿಚ್ಚಿದ ಮೇಲೆ ಖಾಲಿ ಡಬ್ಬಿಯನ್ನು ಹರಿದು ಎಸೆಯಿರಿ, ನಕಲಿ ಮಾಲು ತುಂಬಲು ಅದು ಯಾರ ಕೈಗೂ ಸಿಗಬಾರದು. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ ಶೇ. 18ಕ್ಕೆ ಇಳಿದಿದೆ. ನಿಮಗೆ ಸಿಕ್ಕಿರುವ ದರಪಟ್ಟಿ ಅದಕ್ಕಿಂತ ಹಳೆಯದಾಗಿದ್ದರೆ ಮತ್ತೊಮ್ಮೆ ಕೇಳಿ.

ವಾರಂಟಿ ಇನ್ನೂ ಉಳಿದಿರುವ ಗಾಡಿಯವರಿಗಾಗಿ ಒಂದು ಮಾತು ಸೇರಿಸುತ್ತೇನೆ. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಹೆಚ್ಚಿನ ದಂಡ ವಿಧಿಸಿ, ಬಿಡಿಭಾಗಗಳು ಮುಕ್ತ ಮಾರುಕಟ್ಟೆಯಲ್ಲಿ ಸಿಗುವಂತೆ ಮಾಡಬೇಕೆಂದೂ, ಹೊರಗಿನ ಗ್ಯಾರೇಜಿಗೆ ಹೋದ ಒಂದೇ ಕಾರಣಕ್ಕೆ ಇಡೀ ವಾರಂಟಿಯನ್ನು ರದ್ದು ಮಾಡುವ ಷರತ್ತು ಹಾಕಬಾರದೆಂದೂ ಆದೇಶಿಸಿತು. ಕಂಪನಿಗಳು ಅದನ್ನು ಮೇಲಿನ ಹಂತದಲ್ಲಿ ಪ್ರಶ್ನಿಸಿದವು. ಆದರೂ ಆಯೋಗ ಎತ್ತಿದ ಪ್ರಶ್ನೆ ಗ್ರಾಹಕರಾದ ನಮ್ಮೆಲ್ಲರದ್ದು.

ಪ್ರಶ್ನೆ ಕೇಳಿದವರಿಂದ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಮೈಸೂರಿನ ಸರ್ವೇಯರ್ ಮೇಡಂ ಹೇಳಿದಂತೆ ಹೊಸ ಮಾಸ್ಟರ್ ಸಿಲಿಂಡರ್ ಹಾಕಿಸಿ, ಬ್ರೇಕ್ ಆಯಿಲನ್ನೂ ಪೂರ್ತಿ ಬದಲಿಸಿದ್ದಾಯಿತು. ಬಿಚ್ಚಿದ ಹಳೆಯ ಸಿಲಿಂಡರಿನೊಳಗೆ ಟಾರ್ಚ್ ಹಾಕಿ ನೋಡಿದಾಗ ಕೆಳಭಾಗದಲ್ಲಿ ಕಪ್ಪು ಚುಕ್ಕೆಗಳಂತಹ ಗುಳಿಗಳು ಸ್ಪಷ್ಟವಾಗಿ ಕಂಡವು.

ಆಲ್ಟರ್ನೇಟರಿನ ಪರೀಕ್ಷೆಯಲ್ಲಿ ಅರ್ತಿಂಗ್ ಸರಿಯಾಗಿಯೇ ಇದೆ, ಎ.ಸಿ. ವೋಲ್ಟ್ ಮಾತ್ರ 0.8ರ ಹತ್ತಿರ ತೋರಿಸುತ್ತಿದೆ. ವೈಂಡಿಂಗ್ ಕಪ್ಪಾಗಿಲ್ಲವೆಂದು ಶಿವಮೊಗ್ಗದ ಎಲೆಕ್ಟ್ರಿಷಿಯನ್ ಹೇಳಿದ್ದಾರೆ. ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಹೋಸಿನಲ್ಲಿ, ಕ್ಲಾಂಪಿನ ಅಡಿಯಲ್ಲಿ ಬಿರುಕು ಸಿಕ್ಕಿದೆ. ಹೋಸ್ ಬದಲಿಸಿದ ಮೇಲೆ ಸಿಳ್ಳೆ ನಿಂತಿದೆ, ಆದರೆ ಶಾಫ್ಟಿನ ಅಲುಗಾಟ ಪಕ್ಕಕ್ಕೆ ಸ್ವಲ್ಪ ಹೆಚ್ಚೇ ಇದೆ ಎಂದು ಮೆಕ್ಯಾನಿಕ್ ಅನುಮಾನಿಸುತ್ತಿದ್ದಾರೆ. ಈಗಲೇ ಕೋರ್ ಬದಲಿಸಬೇಕೇ? ಆಲ್ಟರ್ನೇಟರಿನಲ್ಲಿ ಡಯೋಡ್ ಪ್ಲೇಟ್ ಒಂದನ್ನೇ ಹಾಕಿಸಿದರೆ ಸಾಕೇ?

ಉತ್ತರ 5 (ಬೆಂಗಳೂರಿನ ಡೀಸೆಲ್ ವರ್ಕ್‌ಶಾಪ್‌ನಿಂದ)

ಒಳಗೆ-ಹೊರಗೆ ಚಲನೆ ಇಲ್ಲದೆ, ರೆಕ್ಕೆ ಕವಚಕ್ಕೆ ತಾಗದೆ ಇದ್ದರೆ ಈಗ ಬದಲಿಸಬೇಡಿ. ಎಣ್ಣೆಯ ಪೈಪನ್ನು ಮಾತ್ರ ಹೊಸದಾಗಿ ಹಾಕಿಸಿ, ಆಯಿಲ್ ಬದಲಿಸಿ, ಡಿಪ್‌ಸ್ಟಿಕ್ಕಿನಲ್ಲಿ ಮಟ್ಟವನ್ನು ವಾರಕ್ಕೊಮ್ಮೆ ಬರೆದಿಟ್ಟುಕೊಳ್ಳಿ. ಮಟ್ಟ ಇಳಿಯತೊಡಗಿದರೆ ಅಥವಾ ಹೊಗೆ ನೀಲಿಯಾದರೆ ಆಗ ಕೋರ್ ತರಿಸಿ.

ಉತ್ತರ 6 (ಹುಬ್ಬಳ್ಳಿಯ ಆಟೋ ಎಲೆಕ್ಟ್ರಿಷಿಯನ್)

ಡಯೋಡ್ ಪ್ಲೇಟ್ ಒಂದನ್ನೇ ಹಾಕಿದರೆ ದೀಪ ಆರುತ್ತದೆ, ಆದರೆ ಇಷ್ಟು ದೂರ ಓಡಿದ ಆಲ್ಟರ್ನೇಟರನ್ನು ಒಮ್ಮೆ ಬಿಚ್ಚಿದ ಮೇಲೆ ಎರಡೂ ಬೇರಿಂಗ್, ಬ್ರಷ್ ಮತ್ತು ರೆಗ್ಯುಲೇಟರನ್ನು ಬಿಡಬೇಡಿ, ಕೂಲಿ ಹೇಗಿದ್ದರೂ ಒಂದೇ. ಸ್ಲಿಪ್ ರಿಂಗಿನಲ್ಲಿ ಹಳ್ಳ ಬಿದ್ದಿದ್ದರೆ ಅದನ್ನೂ ಬದಲಿಸಲು ಹೇಳಿ, ಮರಳು ಕಾಗದದಿಂದ ಉಜ್ಜಿ ಕೊಡಲು ಒಪ್ಪಬೇಡಿ. ಬಿಲ್ಲಿನಲ್ಲಿ ಪ್ರತಿಯೊಂದರ ತಯಾರಕರ ಹೆಸರನ್ನು ಬರೆಸಿ, ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಮರುಜೋಡಿಸಿದ ಮೇಲೆ ಎಲ್ಲ ದೀಪಗಳನ್ನೂ ಬ್ಲೋವರನ್ನೂ ಹಾಕಿ, ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ, ಬಳಿಕ ಮತ್ತೊಮ್ಮೆ ವೋಲ್ಟ್ ಅಳೆದು ಇಲ್ಲಿ ಬರೆಯಿರಿ. 13.5ಕ್ಕಿಂತ ಕೆಳಗೆ ಬಂದರೆ ಬೆಲ್ಟಿನ ಟೆನ್ಷನರ್ ನೋಡಬೇಕಾಗುತ್ತದೆ.